ಬಣ್ಣ ಬ್ಯಾರೆ, ಖಾರ ಬ್ಯಾರೆ

ಬಸ್ಸು ಮೋಟೆಬೆನ್ನೂರು ದಾಟಿದ್ದೇ ತಡ
ಕಂಡಕ್ಟರ್ ಸೀನತಾನ, ಆಮ್ಯಾಲೆ ನಾವೆಲ್ಲ.
ಬ್ಯಾಡಗಿ ಊರಿಗೂರೇ ಕೆಮ್ಮುವ ಹಂಗಾಮು ಇದು.
ನನ್ನ ಚೀಲದಾಗ ಇಲಾಖೆ ಕೊಟ್ಟ ಟ್ಯಾಬ್, ಮೂಲಿ ಸೀಳಿದ ಗಾಜು,
ಸ್ಪಿರಿಟ್ಟಿನ ಬಾಟ್ಲಿ, ಹತ್ತಿ,
ಅರ್ಧ ತಿಂದ ಗಿರ್ಮಿಟ್ಟಿನ ಪೊಟ್ಟಣ.

ಹೈಸ್ಕೂಲಿನ ಪ್ರಯೋಗಶಾಲೆ.
ಅಸ್ಥಿಪಂಜರಕ್ಕ ಯಾರೋ ಕ್ರಿಕೆಟ್ ಟೋಪಿಗಿ ಹಾಕ್ಯಾರ.
ಅದರ ಮಗ್ಗಲಕ ಕುರ್ಚಿ, ಗ್ವಾಡಿ ಕಡೆ ಮುಖ ಮಾಡಿ.
ಒತ್ತುವವರ ಮುಖ ನನಗ ಕಾಣಬಾರದು,
ನನ್ನ ಮುಖ ಅವರಿಗೆ.
ಇಪ್ಪತ್ತೊಂದು ಪ್ರಶ್ನೆ. ಹೌದು, ಇಲ್ಲ.

"ಕಳೆದ ಮೂವತ್ತು ದಿನಗಳಲ್ಲಿ ತಾವು
ತಂಬಾಕು ಉತ್ಪನ್ನಗಳನ್ನು ಸೇವಿಸಿರುವಿರಾ?"
ಮೊದಲನೇ ವರ್ಷ ಹಿಂಗ ಕೇಳತಿತ್ತು ಅದು.
ಸೇವಿಸೂದಂದ್ರ ಸೇವಾ ಮಾಡೂದೇನ್ರೀ ಅಕ್ಕಾರ, ಅಂದ ಫಕ್ಕೀರೇಶ,
ಕಿಸೆದಾಗ ಗುಟ್ಕಾ ಚೀಟು ಚರಚರ ಅಂತಿತ್ತು.
ಅವತ್ತ ರಾತ್ರಿ ಕುಂತು ಎಲ್ಲಾ ತಿರುಗಿ ಬರದೆ:
ದಿನಕ್ಕ ಎಷ್ಟು ಚೀಟು, ತಮ್ಮಾ?
ಒಂದ ಗಾಡಿ ಮ್ಯಾಲೆ ಮೂರು ಮಂದಿ ಹೋಗೀರೇನು?
ಊಟ ಬೇಕಂತ ಬಿಟ್ಟಿದ್ದುಂಟೇನು, ತಂಗೀ?
ಯಾರರೆ ಫೋಟೋ ಕಳಿಸು ಅಂತ ಕಾಡತಾರೇನು?
ಹತ್ತೊಂಬತ್ತನೇದು ಬರದು ಅಳಿಸಿ, ಬರದು ಅಳಿಸಿ,
"ಸಾಕಪ್ಪಾ ಇದೆಲ್ಲಾ ಅನಿಸೇತೇನು" ಅಂತ ಬಿಟ್ಟೆ.

ಮನಷ್ಯಾರಿಗೆ ಹೇಳದ್ದು ಗಾಜಿಗೆ ಹೇಳತಾವ ಹುಡುಗ್ರು.
ಗಾಜು ಅಪ್ಪಗ ಫೋನ್ ಹಚ್ಚೂದಿಲ್ಲ,
"ನಿಮ್ಮ ವಯಸ್ಸಿನ್ಯಾಗ ನಾವು" ಅನ್ನೂದಿಲ್ಲ.

ಮುಗಿದ ಕೂಡಲೇ ನನ್ನ ಫೋನಿನಾಗ ಬಣ್ಣ ಬರತೈತಿ,
ಹಸರು, ಹಳದಿ, ಕೆಂಪು.
ಫಕ್ಕೀರೇಶ ಕೆಂಪು. ದಿನಕ್ಕ ಎಂಟು.
ಒಂಬತ್ತು ಒತ್ತಿದ್ನಿರಿ, ಬೆರಳು ಜಾರೇತಿ, ಅಂತ ನಕ್ಕ.
ಬಾಯಿ ತಗಿ, ನಿನ್ನವೇ ಬೆರಳು ನಿಲ್ಲಿಸಿ ಒಳಗ ಇಡು, ಅಂದೆ.
ಮೂರು ಹೋಗಬೇಕಿತ್ತು.
ಎರಡು ಹೋದವು.
ತಗದು ನೋಡಿಕೊಂಡ, ಮತ್ತೊಮ್ಮೆ ಇಟ್ಟು ನೋಡಿದ.
ನಗಲಿಲ್ಲ. ಕಿಸೆ ತಿರುವಿ ಟೇಬಲ್ ಮ್ಯಾಲೆ ಸುರುವಿದ.
ನಾಳೆ ಮತ್ತ ಕೊಂಡಾನು, ಗೊತ್ತೈತಿ;
ಹಾವೇರಿ ದವಾಖಾನಿಗೆ ಚೀಟಿ ಬರದು ಕೊಟ್ಟೆ,
ಬುಧವಾರ ಜೋಡಿ ಹೋಗೂಣು ಅಂದೆ.

ಆಮ್ಯಾಲೆ ದ್ಯಾಮವ್ವ, ಒಂಬತ್ತನೇ ಇಯತ್ತೆ.
ಸಾಲಿ ಬಿಟ್ಟ ಮ್ಯಾಲೆ ಮೆಣಸಿನಕಾಯಿ ತುಂಬು ಮುರಿಯಾಕ ಹೋಗತಾಳ.
ನಲವತ್ತು ಸೆಕೆಂಡು. ಇಲ್ಲ ಇಲ್ಲ ಇಲ್ಲ ಇಲ್ಲ.
ಹಸರು.
ಒರಸೂಣು ಅಂತ ಹತ್ತಿ ತಗೊಂಡೆ.
"ಇಲ್ಲ" ಅನ್ನೂ ಕಡೆ ಸಣ್ಣ ಕೆಂಪು ಚುಕ್ಕಿ, ಒಂದರ ಮ್ಯಾಲೆ ಒಂದು.
"ಹೌದು" ಅನ್ನೂದರ ಮ್ಯಾಲೂ ಒಂದು,
ಅಲ್ಲಿ ಬೆರಳಿಟ್ಟು, ತಡದು,
ಎತ್ತದ ಹಂಗ ಈ ಕಡೆ ಎಳಕೊಂಡು ಬಂದ ಗೀಟು.
ಯಾವ ಪ್ರಶ್ನೆ? ಗಾಜಿಗೆ ಗೊತ್ತಿಲ್ಲ.
ಹತ್ತಿ ಕೈಯಾಗ ಒಣಗಿತು.

ಈ ಊರಾಗ ಕೂಸಿಗೂ ಗೊತ್ತು:
ಡಬ್ಬಿಕಾಯಿ ನೋಡಾಕ ರಕ್ತ, ನಾಲಿಗಿಗೆ ಸಪ್ಪನ್ನದು,
ಬಣ್ಣ ಬ್ಯಾರೆ, ಖಾರ ಬ್ಯಾರೆ.
ನನಗ ತಿಳಿಯಾಕ ಎರಡು ಹಂಗಾಮು ಹಿಡೀತು.

ಸಂಜಿಗೆ ಪೇಟೆ ಹಿಂದಿನ ಗೋದಾಮಿಗೆ ಹೋದೆ.
ಟ್ಯಾಬ್ ಚೀಲದಾಗ ಇತ್ತು, ತಗೀಲಿಲ್ಲ.
ಆಕಿ ಮಗ್ಗಲಕ ಕುಂತು ಒಂದು ರಾಶಿ ಎಳಕೊಂಡೆ.
ಬಾಳ ಕೆಳಗ ಮುರೀತೀರಿ ಅಕ್ಕಾರ, ಬೀಜ ಉದರತಾವ.
ತೋರಿಸು, ಅಂದೆ. ತೋರಿಸಿದ್ಲು.
ಇಬ್ಬರ ಕಣ್ಣಾಗೂ ನೀರು;
ಯಾಕ ಅಂತ ಕೇಳೂ ಜಾಗಾ ಅಲ್ಲ ಅದು.
ಬುಟ್ಟಿ ಅರ್ಧ ಆಗಿತ್ತು. ದೀಪ ಹಚ್ಚಿದ್ರು.
ತಲಿ ಎತ್ತದೆ ಕೇಳಿದ್ಲು,
ಇನ್ನೂ ಬಸ್ಸು ಐತೇನ್ರೀ ನಿಮಗ?

ಐತಿ, ಅಂದೆ.
ಇರಲಿಲ್ಲ.