ಪುಸ್ತಕದಲ್ಲಿಲ್ಲದ ಮಾತು

ನಾನು ಪರದೆಯ ಹಿಂದಿನವನು.
ಟಾರ್ಚು, ದಪ್ಪ ಕನ್ನಡಕ, ಮಾತಿನ ಪುಸ್ತಕ.
ತ್ಯಾಂಪಣ್ಣ ಬೆಳ್ಚಾಡ ಮಾತು ಮರೆಯುವುದನ್ನು
ಇಪ್ಪತ್ತೆರಡು ವರ್ಷ ನೋಡಿದವನು.
ಒಮ್ಮೆಯೂ ಅವನು ನಿಜವಾಗಿ ಮರೆತಿರಲಿಲ್ಲ.

ಉಪ್ಪಳದ ಶಾಲೆ ಮೈದಾನ. ರಾತ್ರಿ ಹನ್ನೊಂದು.
ರಾಜ ಸಾಯಬೇಕು.
ಸೇವಕ ತ್ಯಾಂಪಣ್ಣ ಚೊಂಬು ಹಿಡಿದು ನಿಂತ,
ನಿಂತೇ ನಿಂತ.
ನಾನು ಪಿಸುಗುಟ್ಟಿದೆ: 'ಮಹಾಪ್ರಭೂ...'
ಅವನು ಇತ್ತ ತಿರುಗಿ ಗಟ್ಟಿಯಾಗಿ,
'ಕೇಳುವುದಿಲ್ಲ ಮಾರಾಯ, ಸ್ವಲ್ಪ ಜೋರಾಗಿ ಹೇಳು,
ರಾಜರಿಗೆ ಅರ್ಜೆಂಟಿದೆ' ಅಂದ.
ಸಾಯುತ್ತಿದ್ದ ರಾಜನೂ ನಕ್ಕ, ಮೀಸೆ ಉದುರಿತು.
ಆಮೇಲೆ ಯಾರೂ ಅವನಿಗೆ ಅಳುವ ಪಾತ್ರ ಕೊಡಲಿಲ್ಲ.

ಹಗಲು ಸೋಡಾ ಕಾರ್ಖಾನೆ.
ಬಾಟಲಿ ಒಡೆದು ಬಲಹುಬ್ಬು ಸೀಳಿತ್ತು;
ಹೊಲಿಗೆ ಬಿದ್ದ ಮೇಲೆ ಅದು ಮೇಲೇ ಉಳಿಯಿತು.
ಜನ ಅದನ್ನು ಅಭಿನಯ ಅಂದುಕೊಂಡರು,
ಟೀವಿಯವರೂ.

ಕನ್ನಡ ಧಾರಾವಾಹಿಯಲ್ಲಿ ಮಲೆಯಾಳಿ ಚಹಾದಂಗಡಿಯವ.
ಮಲೆಯಾಳದ ಧಾರಾವಾಹಿಯಲ್ಲಿ ಕನ್ನಡದ ಅಡಿಗೆ ಭಟ್ಟ,
ಸಾಂಬಾರಿಗೆ ಬೆಲ್ಲ ಹಾಕಿ ಬೈಸಿಕೊಳ್ಳುವವ.
ಎರಡೂ ಕಡೆ ಭಾಷೆ ತಪ್ಪಬೇಕು, ಅದಕ್ಕೇ ಸಂಬಳ.
'ಎರಡನ್ನೂ ಸರಿಯಾಗಿ ಬಲ್ಲವ ಮಾತ್ರ
ಇಷ್ಟು ಚಂದ ತಪ್ಪಬಲ್ಲ' ಎಂದರೆ
'ಮನೆಯಲ್ಲಿ ತುಳು. ಅದಕ್ಕೆ ಯಾರೂ
ದುಡ್ಡು ಕೊಡುವುದಿಲ್ಲ' ಎನ್ನುತ್ತಿದ್ದ.
ಬಸ್ಸು ಹತ್ತಿದರೆ ತಲಪಾಡಿವರೆಗೆ ಭಟ್ಟರು,
ದಾಟಿದ ಕೂಡಲೆ ಕಾಕಾ.
ಕಂಡಕ್ಟರ್ ಮಾತ್ರ, 'ತ್ಯಾಂಪಣ್ಣ, ಚಿಲ್ಲರೆ.'

ಒಳದಾರಿಗಳಿಗೆ ಮಣ್ಣು ಸುರಿದ ವರ್ಷ,
ಹೆದ್ದಾರಿಯಲ್ಲಿ ಪೊಲೀಸರು.
ಯಮುನಕ್ಕನಿಗೆ ವಾರಕ್ಕೆರಡು ಡಯಾಲಿಸಿಸ್, ಮಂಗಳೂರಲ್ಲಿ.
ನನ್ನ ಅಳಿಯನ ಆಟೋ. ಅವಳ ಮಡಿಲಲ್ಲಿ ಫೈಲು.
ಪೊಲೀಸ ಬಗ್ಗಿ ನೋಡಿದ, ಮುಖ ಅರಳಿತು:
'ಅರೆ, ಚಾಯ್ ಕಾಕಾ!
ಮನೆಯಲ್ಲಿ ಎಲ್ಲರೂ ನೋಡ್ತೇವೆ,
ಆ ಡೈಲಾಗ್ ಒಮ್ಮೆ ಹೇಳಿ.'
ತ್ಯಾಂಪಣ್ಣ ಇಳಿದ. ಮುಂಡು ಎತ್ತಿ ಕಟ್ಟಿದ.
ಇಲ್ಲದ ಗ್ಲಾಸಿನಿಂದ ಇಲ್ಲದ ಗ್ಲಾಸಿಗೆ
ಒಂದು ಗಜ ಚಹಾ ಎಳೆದ:
'ಹಾಲು ಕೇರಳ, ನೀರು ಕರ್ನಾಟಕ,
ಸಕ್ಕರೆ ಸಾಲ, ಸಾರೇ!'
ನಾಲ್ವರು ಪೊಲೀಸರೂ ನಕ್ಕರು. ಒಬ್ಬ ಫೋನಿನಲ್ಲಿ ಹಿಡಿದ.
ಇನ್ನೊಬ್ಬ ಕಣ್ಣೊರೆಸಿಕೊಂಡು,
'ಬೇಜಾರು ಮಾಡಬೇಡಿ ಕಾಕಾ, ಮೇಲಿನ ಆರ್ಡರು.'

ಅವನು ಆ ಹಳೆಯ ರಾತ್ರಿಯಂತೆ
ನನ್ನ ಕಡೆ ತಿರುಗಿದ, ಹುಬ್ಬು ಮೇಲೆ.
ಈ ಸಲ ನಿಜವಾಗಿ ಕೇಳುತ್ತಿದ್ದ.
ನನ್ನ ತುಟಿ ಅಲ್ಲಾಡಿತು,
ಪುಸ್ತಕ ಇರಲಿಲ್ಲ.

ಆಟೋ ತಿರುಗಿಸಿ ಪರಿಯಾರಕ್ಕೆ ಹೋದೆವು,
ಎಷ್ಟು ಹೊತ್ತು ಹಿಡಿಯಿತೋ.
ಹೋಗುವಾಗ ಯಾರೂ ಮಾತಾಡಲಿಲ್ಲ,
ಚೆರುವತ್ತೂರಿನ ಹತ್ತಿರ ಅಳಿಯ ಒಮ್ಮೆ ಕೆಮ್ಮಿದ.

ಧಾರಾವಾಹಿಯಲ್ಲಿ
'ಕಾಕಾ ಊರಿಗೆ ಹೋಗಿದ್ದಾನೆ' ಎಂದು
ಒಂದೇ ಸಾಲಿನಲ್ಲಿ ಮುಗಿಸಿದರು.
ಯಾವ ಊರು ಎಂದು ಯಾರೂ ಬರೆಯಲಿಲ್ಲ.

ಈ ಕತೆಯನ್ನು ಈಗಲೂ ನಾನೇ ಹೇಳುವುದು.
ಅವನು ಕೇಳಿಸದವನಂತೆ ಪೇಪರು ಓದುತ್ತಾನೆ.
ಯಮುನಕ್ಕ ಒಳಗಿನಿಂದಲೇ ತಿದ್ದುತ್ತಾಳೆ:
'ನಾಲ್ಕಲ್ಲ, ಐದು ಜನ ಪೊಲೀಸರು.
ಒಬ್ಬ ನಗಲಿಲ್ಲ.'