ಶುಕ್ರವಾರದವರೆಗೆ

ಅರ್ಜಿ ಅಕ್ಕಿ ಡಬ್ಬದ ಮೇಲಿದೆ,
ಎಣ್ಣೆ ತಾಗದಿರಲೆಂದು ಪ್ಲಾಸ್ಟಿಕ್ ಕವರಿನೊಳಗೆ.
ಹನ್ನೆರಡು ವಾರ, ಮೈಸೂರು,
ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತು.
ಬಿಳಿ ಕೋಟು ಅವರೇ ಕೊಡುತ್ತಾರೆ,
ಚಾಕು ನಾವೇ ತರಬೇಕು.
ಶುಲ್ಕ ಒಂದು ಲಕ್ಷ ನಲವತ್ತು ಸಾವಿರ:
ನನ್ನ ಚೀಟಿ ದುಡ್ಡಿಗಿಂತ ಎರಡೇ ಸಾವಿರ ಕಮ್ಮಿ,
ಯಾರೋ ಎಣಿಸಿ ನೋಡಿದ ಹಾಗೆ.
ಕಡೆಯ ದಿನ ಶುಕ್ರವಾರ.

ಮೊದಲ ಪುಟ ಸುಲಭವಿತ್ತು.
ಹೆಸರು: ಮಾಚವ್ವ. ವಯಸ್ಸು: ನಲವತ್ತಮೂರು.
ಊರು: ಗೋಣಿಕೊಪ್ಪಲು. ಅನುಭವ:
ಇಲ್ಲಿ ತಡವರಿಸಿದೆ.
ಬಸ್ ಸ್ಟ್ಯಾಂಡ್ ಹಿಂದಿನ ಈ ಮೆಸ್ಸಿಗೆ ಹದಿನಾರು ವರ್ಷ.
ಅದಕ್ಕೂ ಮೊದಲಿನದನ್ನು ಅನುಭವ ಅನ್ನುತ್ತಾರೋ
ಮದುವೆ ಅನ್ನುತ್ತಾರೋ.

ಎರಡನೇ ಪುಟದಲ್ಲಿ ಸಿಕ್ಕಿಬಿದ್ದೆ:
"ನಿಮ್ಮದೇ ಒಂದು ಅಡುಗೆ ಬರೆಯಿರಿ. ಅಳತೆ ಗ್ರಾಂಗಳಲ್ಲಿ."

ಪಂದಿಕರಿಗೆ ಗ್ರಾಂ ಎಲ್ಲಿಂದ ತರಲಿ?
ಕಾಫಿ ತೂಗುತ್ತೇವೆ, ಕರಿಮೆಣಸು ತೂಗುತ್ತೇವೆ,
ಕಾಳಿನ ತೇವಕ್ಕೂ ವ್ಯಾಪಾರಿ ಇಷ್ಟೆಂದು ಕಡಿತ ಹಾಕುತ್ತಾನೆ.
ಮಾರುವುದಕ್ಕೆ ತಕ್ಕಡಿಯಿದೆ ಈ ನಾಡಿನಲ್ಲಿ,
ಉಣ್ಣುವುದಕ್ಕೆ ಕೈಯೇ.

ಆದರೂ ಮೆಣಸಿನ ಮೊಯ್ದು ಕಾಕನ ಅಂಗಡಿಯಿಂದ
ಸಣ್ಣ ತೂಕದ ಯಂತ್ರ ಕೇಳಿ ತಂದೆ.
ಪಾತ್ರೆಗೆ ಎಸೆಯುವ ಉಪ್ಪನ್ನು ಅದರ ಮೇಲೆ ಎಸೆದೆ.
ಮೂವತ್ತೊಂದು.
ಮತ್ತೆ ಎಸೆದೆ. ಮೂವತ್ತೊಂದು.
ಕಣ್ಣು ಮುಚ್ಚಿ ಎಸೆದೆ. ಮೂವತ್ತೆರಡು.
ಮುತ್ತಿ ಸೌದೆ ಕೆಳಗಿಟ್ಟು ನಕ್ಕಳು:
"ನೀವ್ಯಾಕೆ ಹೋಗ್ತೀರಕ್ಕ,
ಕೈ ಒಂದನ್ನೇ ಕಳಿಸಿ, ಪಾಠ ಮಾಡಿ ಬರಲಿ."
ಆ ಭಾನುವಾರದ ಸಂತೆಯಿಡೀ ಬೀಗಿದೆ,
ಅರ್ಜಿಯನ್ನು ಒಲೆಗಿಡುವಷ್ಟು.

ಸೋಮವಾರ ಕಾಚಂಪುಳಿಯ ಹೊಸ ಬಾಟಲಿ ಒಡೆದೆ.
ಅದೇ ಮಾಂಸ, ಅದೇ ಹುರಿದ ಮೆಣಸು ಜೀರಿಗೆ, ಅದೇ ಕೈ,
ಪುಳಿ ಅದೇ ಎರಡು ಚಮಚ.
ಕರಿ ಕಪ್ಪಾಯಿತು, ಮಾತಾಡಲಿಲ್ಲ.
ಯಾರೂ ದೂರಲಿಲ್ಲ.
ಶ್ರೀಮಂಗಲದ ಬಸ್ಸಿನ ಡ್ರೈವರ್ ಮಾತ್ರ
ಎರಡನೇ ಸಲದ ಕಡಂಬುಟ್ಟಿಗೆ ಕೈ ಅಡ್ಡ ಹಿಡಿದ.
ಹದಿನಾರು ವರ್ಷದಲ್ಲಿ ಅವನು ಬೇಡ ಅಂದದ್ದು ಅದೇ ಮೊದಲು.

ಸರಿಮಾಡುವುದು ಗೊತ್ತು ನನಗೆ:
ಇನ್ನರ್ಧ ಚಮಚ, ಸಣ್ಣ ಉರಿ, ಮುಚ್ಚಿಡು.
ಯಾಕೆ ಹಾಗಾಯಿತೆಂದು ಗೊತ್ತಿಲ್ಲ.
ಅತ್ತೆ ಕಲಿಸಿದ್ದೆಲ್ಲ "ಹೀಗೆ".
"ಯಾಕೆ" ಅಂತ ಒಮ್ಮೆ ಕೇಳಿದ್ದೆ,
ಎಳೆ ಬಿದಿರನ್ನು ನೀರಲ್ಲಿ ನೆನೆಸುವುದು ಯಾಕೆ ಅಂತ.
"ನೆನೆಸದೆ ತಿಂದು ನೋಡು" ಅಂದರು.
ಅದೂ ಉತ್ತರವೇ,
ನಲವತ್ತಮೂರಕ್ಕೆ ಸಾಲದು ಅಷ್ಟೆ.

"ಹೋಗುವುದಾದರೆ ಹೋಗು" ಅಂದ ಕುಟ್ಟಪ್ಪ,
ಯಾರದೋ ಜೀಪಿನ ಅಡಿಯಿಂದ.
ಕಾಣುತ್ತಿದ್ದುದು ಬರೀ ಪಾದ.
ಪಾದ ನೋಡಿ ಮನಸ್ಸು ತಿಳಿಯುವುದು
ಇಷ್ಟು ವರ್ಷವಾದರೂ ನನಗೆ ಬಂದಿಲ್ಲ.

ತಪ್ಪಲೆ ಉಜ್ಜುತ್ತ ಮುತ್ತಿ ಕೇಳಿದಳು:
"ಹನ್ನೆರಡು ವಾರ ನಾನು ಯಾರ ನಾಲಿಗೆಗೆ ಉಪ್ಪು ಹಾಕಲಿ?"
"ನಿನ್ನ ನಾಲಿಗೆಗೆ" ಅಂದೆ.
ಉಜ್ಜುವುದು ನಿಂತಿತು.
ಅವಳೂ ಹಾಗೆ ಯೋಚಿಸಿರಲಿಲ್ಲ,
ನಾನೂ.

ಮಲಗುವ ಮುಂಚೆ ಅರ್ಜಿಯನ್ನೇ ತೂಗಿದೆ, ಕವರ್ ಸಮೇತ.
ಹದಿನೆಂಟು ಗ್ರಾಂ.
ನನ್ನ ಒಂದು ಹಿಡಿ ಉಪ್ಪಿಗೂ ಸಾಲದು.

ಬೆಳಿಗ್ಗೆ ಕಾಕನ ಹುಡುಗ ಬಂದು ಯಂತ್ರ ಕೇಳಿದ.
ಶುಕ್ರವಾರದವರೆಗೆ ಇರಲಿ ಅಂದೆ,
ತಲೆ ಎತ್ತದೆ.
ಹೊಸ ಬಾಟಲಿಯ ಪುಳಿಯನ್ನು
ಹನಿ ಹನಿಯಾಗಿ ಬಟ್ಟಲಿಗೆ ಬಿಡುತ್ತಿದ್ದೆ,
ಅಂಕಿ ಬದಲಾಗುವುದನ್ನೇ ಕಾಯುತ್ತ.