ನಾಲ್ಕು ಮಿಲಿಮೀಟರ್

ಉದ್ಯಮಬಾಗ, ಮೂರನೇ ಗೇಟಿನ ಆಚೆ.
ಸೂಟಿ ದಿನ. ಶೆಡ್ಡಿನ ಬಾಗಲಾ ಅರ್ಧ ತೆರದು
ನಾನೂ ದುಂಡಪ್ಪ ಕಾಕಾನೂ ಪ್ರೆಸ್ಸಿನ ಮುಂದ ಕೂತೇವಿ.
ಅರವತ್ತು ಟನ್ನಿನ ಪ್ರೆಸ್ಸು. ಇವತ್ತ ಅದಕ್ಕ ಬಾಯಿಲ್ಲ.

ಹಳೇ ಲಿಮಿಟ್ ಸ್ವಿಚ್ಚು ಬಿಚ್ಚಿ ಉಡಿಯೊಳಗ ಇಟ್ಕೊಂಡೆ.
ಗಾಲಿ ಹಚ್ಚಿದ ಸಣ್ಣ ಸನ್ನೆ,
ಮೈತುಂಬ ಗ್ರೀಸು, ಗ್ರೀಸಿನೊಳಗ ಬೀಡಿನ ಪುಡಿ.
ಮುಟ್ಟಿದರಷ್ಟ ನಂಬೂ ಜಾತಿ ಇದು.
ನಾಲ್ಕು ವರ್ಷದ ಹಿಂದ, ಒಂದ ರಾತ್ರಿ ಪಾಳಿ,
ಒತ್ತಿದ್ದು ಒತ್ತಿದಂಗ ಉಳದು,
ರ‍್ಯಾಮು ಇನ್ನೂ ಇಳೀತಿದ್ದರೂ
ಮ್ಯಾಲೈತಿ, ಮ್ಯಾಲೈತಿ ಅಂತ
ಹಸಿರು ದೀಪ ಹಚ್ಚಿ ಕೂತಿತ್ತು.
ಕಾಕಾ ದೀಪ ನಂಬಿದ.
ಬಲಗೈಯ ಎರಡು ಬೆರಳು, ವಾಶರಿನ ಒಂದು ತಗಡು,
ಮೂರೂ ಒಂದ ಏಟಿಗೆ.

ಹೊಸಾದು ಅಕ್ಕಿಕಾಳಿನಷ್ಟ ಚಿಪ್ಪು.
ಹಿತ್ತಾಳಿ ಕೊಳವಿಯೊಳಗಿಟ್ಟು ರಾಳ ಸುರದು ಮುಚ್ಯಾರ.
ಮೂರು ವಾಯರು: ಕಂದು, ನೀಲಿ, ಕರಿ.
ಸನ್ನೆ ಇಲ್ಲ, ಗಾಲಿ ಇಲ್ಲ, ಸವಿಯೂದು ಏನೂ ಇಲ್ಲ.
‘ಮುಟ್ಟಲಾರ್ದ ಇದಕ್ಕ ಹೆಂಗ ತಿಳೀತೈತಿ, ಸುಗಂಧಾ?’

ಐಟಿಐಯೊಳಗ ನಮ್ಮ ಸರ್
ಮೂರು ಬೆರಳು ಮೂರು ದಿಕ್ಕಿಗೆ ಚಾಚಿ ತೋರಿಸಿದ್ದರು:
ಕರೆಂಟು ಹಿಂಗ, ಮ್ಯಾಗ್ನೆಟ್ಟು ಹಿಂಗ, ನೂಕು ಹಿಂಗ.
ಕಾಕಾನ ಮುಂದ ಆ ಬೆರಳು ಚಾಚಲಿಕ್ಕೆ
ನನಗ ಆಗಲಿಲ್ಲ.
ಅದಕ್ಕ ಮಾತಿನೊಳಗ ಗಣಪತಿ ಗಲ್ಲಿಗೆ ಕರಕೊಂಡ ಹೋದೆ.

ಸಂಜಿ ಆರರ ಹೊತ್ತು. ಗಲ್ಲಿ ತುಂಬ ಮಂದಿ ನಡದಾರ.
ಪಾತ್ರಿ ಅಂಗಡಿ ಮಗ್ಗಲಕ ಒಂದು ಗೂಳಿ ಬಂದು ನಿಂತಿತು.
ಹಾಯಲಿಲ್ಲ, ಗುಟುರು ಹಾಕಲಿಲ್ಲ, ಬರೇ ನಿಂತಿತು.
ಮಂದಿ ನಡಿಯೂದು ಬಿಡಲಿಲ್ಲ, ಆದ್ರ
ನಡಕೋತನ ಬಳಿ ಅಂಗಡಿ ಕಡೆ ಸರದರು.
ಅಲ್ಲಿ ಕಟ್ಟಿ ಮ್ಯಾಲೆ ನೂಕಾಟ, ಇಲ್ಲಿ ಬಯಲು.
ಈ ಕಟ್ಟಿಗೂ ಆ ಕಟ್ಟಿಗೂ ಬಿದ್ದ ಫರಕ ಐತೆಲ್ಲ,
ಅಷ್ಟನ್ನ ಅಳೀತೈತಿ ಚಿಪ್ಪು.
ಗೂಳಿಯ ಮಾರಿ ಅದು ಕಂಡಿಲ್ಲ.
ಮಂದಿ ಸರದದ್ದು ನೋಡಿ, ಬಂದೈತಿ ಅಂತದ.

ರ‍್ಯಾಮಿಗೆ ಗುಂಡಿಯಷ್ಟ ಮ್ಯಾಗ್ನೆಟ್ ಬಿಗದೆ.
ಕೈಲೆ ಪಂಪು ಹೊಡದು ಮೆಲ್ಲಕ ಇಳಿಸಿದೆ.
ದೀಪ ಹತ್ತಲಿಲ್ಲ.
ಇಪ್ಪತ್ನಾಲ್ಕು ವೋಲ್ಟ್ ಬರೋಬ್ಬರಿ ಐತಿ, ವಾಯರು ಬರೋಬ್ಬರಿ ಐತಿ.
ಕಾಕಾ ಚಾ ಗುಟುಕರಿಸಿ ಕೇಳಿದ:
‘ಗೂಳಿ ಬಳಿ ಅಂಗಡಿ ಕಡೆಯಿಂದ ಬಂದರ?’

ಮ್ಯಾಗ್ನೆಟ್ ಬಿಚ್ಚಿ ಬೋರಲ ಹಾಕಿದೆ.
ನಾಲ್ಕು ಮಿಲಿಮೀಟರ್ ದೂರ ಇರತನ
ಕೆಂಪಗ ಹತ್ತಿತು ದೀಪ.
ಅವನ ನಗಿಯೊಳಗ ಒಂದ ಹಲ್ಲೂ ಸಡಲಾಗಿರಲಿಲ್ಲ.

ಎಣ್ಣಿ, ನೀರು, ಧೂಳ ಇದರ ಲೆಕ್ಕಕ್ಕಿಲ್ಲ ಕಾಕಾ.
ಆದ್ರ ಬೀಡಿನ ಪುಡಿ ಮ್ಯಾಗ್ನೆಟ್ಟಿಗೆ ಗಡ್ಡ ಬೆಳಸತೈತಿ,
ವಾರಕ್ಕೊಮ್ಮೆ ಬೋಳಿಸು.
ಇದೊಂದ ಸಾಕಲ್ಲ ಅಂತ ಮಾಲಕರು ಕೇಳ್ಯಾರ.
ಸಾಲೂದಿಲ್ಲ. ಎರಡು ಕೈಗೆ ಎರಡು ಬಟನ್ನು ಬೇಕು,
ಎರಡೂ ಒತ್ತಿದರ ಮಾತ್ರ ಇಳೀಬೇಕು.
ಬರದು ಕೊಟ್ಟೇನಿ, ಸಹಿ ಹಾಕಿಸಿಕೊಂಡೇನಿ.

‘ಥಂಡಿ ದಿನದಾಗ ಇಲ್ಲದ ಬೆರಳು ತುರಸತಾವ’ ಅಂದ.
‘ಹತ್ತರ ಏನರೆ ಬಂದರ ಅವಕ್ಕ ಮೊದಲ ತಿಳೀತೈತಿ.’
ಕಣ್ಣು ಮುಚ್ಚಿ, ಆ ಮೊಂಡ ಕೈ
ರ‍್ಯಾಮಿನ ತಣ್ಣನ ಮೈ ಕಡೆ ಒಯ್ದ.
ಮುಟ್ಟುವ ಮೊದಲ ನಿಂತಿತು ಕೈ.
ಎಷ್ಟು ಅಂತರ ಇತ್ತೋ, ನಾ ಅಳೀಲಿಲ್ಲ.

ಸ್ಟ್ರೋಕಿನ ಮೀಟರಿಗೆ ಸೊನ್ನಿ ಕೂಡಿಸಿ
ಬಾಗಲಾ ಎಳದೆ.
ಹಳೇ ಸ್ವಿಚ್ಚು ಮೋಡಕಾ ಡಬ್ಬಿಗೆ ಒಗೀಬೇಕಂತ ನೋಡಿದರ
ಬೆಂಚಿನ ಮ್ಯಾಲೆ ಇರಲಿಲ್ಲ.
ಕಾಕಾ ಗೇಟಿನ ಕಡೆ ನಡದಿದ್ದ,
ಬುತ್ತಿ ಚೀಲ ಒಂದ ಕಡೆ ವಜ್ಜಿ ಆಗಿ ಜೋತಿತ್ತು.